ಊರಿನ ಚರಿತ್ರೆಯೂ ನಾಡಿನ ಏಕೀಕರಣವೂ

ಕನ್ನಡ ನಾಡಿನ ಏಕೀಕರಣವು 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿನಂದೇ ಮುಗಿದುಹೋದ ಕಾರ್ಯವೆಂದೂ, ಆ ವಿಷಯವಾಗಿ ಇನ್ನು ಬರೆಯತಕ್ಕುದೇನೂ ಉಳಿದಿಲ್ಲವೆಂದೂ ನಮ್ಮ ವಾಚಕರಲ್ಲಿ ಕೆಲವರು ಭಾವಿಸಿರುವಂತೆ ತೋರುತ್ತದೆ. ಕಾಸರಗೋಡನ್ನು ಕಳೆದುಕೊಂಡ ದುಃಖವೊಂದನ್ನು ಬಿಟ್ಟರೆ, ನೆಲದ ಮಟ್ಟಿಗೆ ಈ ಮಾತು ಬಹುಪಾಲು ನಿಜವೇ ಸರಿ. ಆದರೆ ನೆಲವು ಬಂದಿತು; ನೆಲದ ಕಾಗದಪತ್ರಗಳು ಬರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನವಾದಂದಿನಿಂದ ಏಕೀಕರಣದವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಳ್ವಿಕೆಗೆ ಒಳಪಟ್ಟಿದ್ದಿತಷ್ಟೆ. ಆ ಒಂದೂವರೆ ಶತಮಾನದ ಕಲೆಕ್ಟರರ ಪತ್ರವ್ಯವಹಾರದ ಅನೇಕ ಸಂಪುಟಗಳು ಇಂದಿಗೂ ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿಯೇ ಇವೆ. ಹೊರಗೆ ಉಳಿದುದರ ಗತಿ ಇದು. ಊರೊಳಗೇ ಉಳಿದುದನ್ನಾದರೂ ನಾವು ಹೇಗೆ ಇಟ್ಟುಕೊಂಡಿದ್ದೇವೆಂಬುದನ್ನು ಈ ವಾರ ವಿಚಾರಿಸಬೇಕೆಂದಿದ್ದೇವೆ.

ಮೂಡಬಿದಿರೆಯನ್ನೇ ತೆಗೆದುಕೊಳ್ಳೋಣ. 1430ರ ಸುಮಾರಿಗೆ ಎದ್ದುನಿಂತ ಸಾವಿರ ಕಂಬದ ಬಸದಿ, ಚೌಟರಸರ ಅರಮನೆಯ ಕೆತ್ತನೆಯ ಮರದ ಕಂಬಗಳು, ಭರತೇಶ ವೈಭವವನ್ನು ರಚಿಸಿದ ರತ್ನಾಕರವರ್ಣಿ, ಇವುಗಳ ಹೆಸರನ್ನು ಕೇಳದ ಕನ್ನಡಿಗನು ವಿರಳ. ಇವುಗಳ ವಿಷಯದಲ್ಲಿ ನಮಗೆ ಹೆಚ್ಚಿನ ಚಿಂತೆಯಿಲ್ಲ. ಕಲ್ಲಿಗೆ ಕಾವಲುಗಾರರಿದ್ದಾರೆ, ಓಲೆಗೂ ಕಾಗದಕ್ಕೂ ಯಾರಿದ್ದಾರೆ?

ಓಲೆಯ ಕಥೆಯನ್ನು ಮೂಡಬಿದಿರೆಯೇ ನಮಗೆ ಚೆನ್ನಾಗಿ ಕಲಿಸಿದೆ. ಒಂಬತ್ತನೆಯ ಶತಮಾನದಲ್ಲಿ ವೀರಸೇನ, ಜಿನಸೇನರು ರಚಿಸಿದ ಧವಲ, ಜಯಧವಲಗಳ ಮತ್ತು ಮಹಾಧವಲದ ಪ್ರಾಚೀನ ತಾಳೆಗರಿಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದಿದ್ದವು. ಬಹುಕಾಲ ಅವು ಕೇವಲ ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು, ಬಿಚ್ಚಿ ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯವು ಆರಂಭವಾಗಿ ಸುಮಾರು ಕಾಲು ಶತಮಾನವನ್ನೇ ಹಿಡಿಯಿತು. ಪ್ರೊ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮುದ್ರಣವನ್ನು ಆರಂಭಿಸಿ 1958ರ ವೇಳೆಗೆ 16 ಸಂಪುಟಗಳನ್ನು ಹೊರತಂದರು. ಆದರೆ ಅಷ್ಟರಲ್ಲಿ ಮಹಾಧವಲದ ಕೆಲವು ಗರಿಗಳು ಜೀರ್ಣವಾಗಿದ್ದುದರಿಂದ ಅದರ ಪಾಠದಲ್ಲಿ ತೆರಪುಗಳು ಉಳಿದುಬಿಟ್ಟವು. ಪೂಜಿಸುವುದು ಬೇರೆ, ಕಾಪಾಡುವುದು ಬೇರೆ. ಇಷ್ಟು ಭಕ್ತಿಯಿಂದ ಇಟ್ಟುಕೊಂಡ ಗ್ರಂಥಕ್ಕೇ ಈ ಗತಿಯಾದ ಮೇಲೆ, ಯಾರೂ ಪೂಜಿಸದ ಕಾಗದದ ಪಾಡನ್ನು ಹೇಳತಕ್ಕುದೇನಿದೆ?

1948ರಲ್ಲಿ ಮೂಡಬಿದಿರೆಯ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿಯ ಮಠದ, ಬಸದಿಗಳ ಮತ್ತು ಸುತ್ತಣ ಊರುಗಳ ಓಲೆಗಳನ್ನು ಒಂದೊಂದಾಗಿ ಪರಿಶೀಲಿಸಿ ಒಂದು ಸೂಚಿಯನ್ನು ಸಿದ್ಧಪಡಿಸಿದರು. ಅದನ್ನು ಅಚ್ಚು ಹಾಕಿದುದು ಕಾಶಿಯ ಭಾರತೀಯ ಜ್ಞಾನಪೀಠ. ಅಚ್ಚಾದುದು ನಾಗರೀ ಲಿಪಿಯಲ್ಲಿ. ಹೆಸರಂತೂ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'! ಭೂಪಟದಲ್ಲಿ ಒಂದಾದ ಕನ್ನಡ ಪ್ರಾಂತವು ಕಾಣಿಸಿಕೊಳ್ಳುವುದಕ್ಕೆ ಎಂಟು ವರ್ಷ ಮೊದಲೇ ಅದು ಕಾಶಿಯ ಪುಸ್ತಕವೊಂದರ ಮುಖಪುಟದಲ್ಲಿ ಕಾಣಿಸಿಕೊಂಡಿದ್ದಿತು. ಒಬ್ಬ ಪಂಡಿತನ ತಾಳ್ಮೆಯಿಂದ ಇಷ್ಟಾಯಿತೆಂಬುದನ್ನು ನಮ್ಮ ಉಪಾಧ್ಯಾಯ ಮಹಾಶಯರು ಗಮನಿಸಬೇಕು.

ಇಂದಿನ ಮೂಡಬಿದಿರೆಯು ಜೈನಕಾಶಿಯಷ್ಟೇ ಅಲ್ಲ, ವಿದ್ಯಾಕಾಶಿಯೂ ಹೌದು. 1960ರ ದಶಕದಲ್ಲಿ ಮಹಾವೀರ ಕಾಲೇಜು ತೆರೆದುದು ಮೊದಲುಗೊಂಡು ಊರು ಬೆಳೆದಿದೆ. ಈಗ ಬೀದರ, ವಿಜಯಪುರ, ಬಳ್ಳಾರಿಗಳಿಂದಲೂ ಮಕ್ಕಳು ಇಲ್ಲಿಗೆ ಓದಲು ಬರುತ್ತಿದ್ದಾರೆ. ಏಕೀಕರಣವನ್ನು ಕಣ್ಣಾರೆ ನೋಡಬೇಕೆನ್ನುವವರು ಜೂನ್ ತಿಂಗಳಲ್ಲಿ ಇಲ್ಲಿಯ ಬಸ್ಸು ನಿಲ್ದಾಣಕ್ಕೆ ಬಂದರೆ ಸಾಕು. ಆದರೆ ಈ ಮಕ್ಕಳು ಎರಡು ವರ್ಷ ಇಲ್ಲಿದ್ದು, ಅಂಕಗಳನ್ನು ಗಳಿಸಿ, ತಾವು ಯಾವ ಊರಿನಲ್ಲಿದ್ದೆವೆಂಬುದನ್ನು ತಿಳಿಯದೆಯೇ ಹಿಂದಿರುಗುತ್ತಾರೆ. ಅವರದೇನೂ ತಪ್ಪಿಲ್ಲ, ಊರಿನ ಬಳಿಯೇ ಊರಿನ ಚರಿತ್ರೆಯಿಲ್ಲ. ಕಾಲೇಜುಗಳ ವಾರ್ಷಿಕೋತ್ಸವದ ಸಂಚಿಕೆಗಳಲ್ಲಿ ಅತಿಥಿಗಳ ಭಾವಚಿತ್ರಗಳಿಗೂ ಚಿನ್ನದಂಗಡಿಯ ಜಾಹೀರಾತುಗಳಿಗೂ ಇರುವ ಸ್ಥಳವು ಊರಿನ ಹಳೆಯ ಪೇಟೆಗೆ ಎಂದಾದರೂ ದೊರೆತುದುಂಟೆ?

ಕಳೆದುಹೋಗುತ್ತಿರುವುದು ಯಾವುದೆಂದು ಸ್ಪಷ್ಟವಾಗಿ ಹೇಳಿಬಿಡುವೆವು. 1974ರಲ್ಲಿ ಭೂಸುಧಾರಣೆಯ ಹೊಸ ಕಾಯಿದೆಯು ಜಾರಿಗೆ ಬಂದು ಉಳುವವನಿಗೆ ಭೂಮಿಯು ದೊರೆಯಿತು. ಅದು ನ್ಯಾಯವೇ ಆಯಿತು. ಆದರೆ ಅಂದಿನಿಂದ ಮೂಲಗೇಣಿ, ಚಾಲಗೇಣಿಗಳ ಚೀಟುಗಳು ಯಾರಿಗೂ ಬೇಡವಾದವು. ಒಕ್ಕಲಿನ ಹೆಸರು, ಗದ್ದೆಯ ಹೆಸರು, ಕೊಡತಕ್ಕ ಅಕ್ಕಿಯ ಮುಡಿಗಳ ಲೆಕ್ಕ, ಇವೆಲ್ಲವೂ ಅವುಗಳಲ್ಲಿದ್ದವು. ಕೋರ್ಟಿನಲ್ಲಿ ಬೆಲೆಯನ್ನು ಕಳೆದುಕೊಂಡ ಅದೇ ಗಳಿಗೆಯಲ್ಲಿ ಚರಿತ್ರೆಯಲ್ಲಿ ಅವುಗಳ ಬೆಲೆಯು ಏರಿತೆಂಬುದು ನಮಗೆ ಹೊಳೆಯಲಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಗೆದ್ದಲು ತಿಂದುದೆಷ್ಟೋ, ಬಚ್ಚಲಿನ ಒಲೆಗೆ ಹೋದುದೆಷ್ಟೋ! ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಿದ್ದ ಜನರು ತಮ್ಮ ವ್ಯವಹಾರವನ್ನು ಕನ್ನಡದಲ್ಲಿ ಬರೆದಿಡುತ್ತಿದ್ದರು. ಕರಾವಳಿಯು ಕನ್ನಡ ನಾಡಿನ ಅಂಗವೆಂಬುದಕ್ಕೆ ಭಾಷಣಗಳಿಗಿಂತ ಈ ಚೀಟುಗಳೇ ಬಲವಾದ ಸಾಕ್ಷಿ. ಮಕ್ಕಳಿಲ್ಲದೆ ಮುಚ್ಚಿದ ಹಳ್ಳಿಯ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕಗಳದೂ ಇದೇ ಪಾಡು.

ಊರಿನವರು ತಮ್ಮ ಸಾಕ್ಷ್ಯವನ್ನು ಉಳಿಸಿಕೊಳ್ಳದಿದ್ದರೆ ಪರಕೀಯರ ಸಾಕ್ಷ್ಯವೇ ಚರಿತ್ರೆಯಾಗುತ್ತದೆ. ನೆರೆಯ ಬಂಟ್ವಾಳವನ್ನು ನೋಡಿರಿ. 1837ರಲ್ಲಿ ಸುಳ್ಯ, ಬೆಳ್ಳಾರೆಗಳ ಕಡೆಯಿಂದ ಹೊರಟ ರೈತರ ದಂಡು ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಮಂಗಳೂರನ್ನು ಸೇರಿ, ಕೆಲವು ದಿನಗಳ ಮಟ್ಟಿಗೆ ಕಂಪೆನಿಯ ಅಧಿಕಾರವನ್ನೇ ಕಿತ್ತೊಗೆಯಿತು. ಜನರ ಬಾಯಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ'. ಕಂಪೆನಿಯ ಅಧಿಕಾರಿಗಳ ಕಾಗದಗಳಲ್ಲಿ ಆ ರೈತರು ಬರಿಯ ದಂಗೆಕೋರರು. ದಂಡಿಗೆ ಅಕ್ಕಿ ಕೊಟ್ಟವರಾರು, ಬಾಗಿಲು ಮುಚ್ಚಿಕೊಂಡವರಾರು ಎಂಬುದನ್ನು ಬಲ್ಲ ಮನೆತನಗಳ ನೆನಪು ತಲೆಮಾರಿನಿಂದ ತಲೆಮಾರಿಗೆ ತೆಳುವಾಗುತ್ತ ಬಂದಿದೆ. 'ಬಿ. ಸಿ. ರೋಡ್' ಎಂಬುದು ಬಂಟ್ವಾಳ ಕ್ರಾಸ್ ರೋಡ್ ಎಂಬುದರ ಮೊಟಕು ರೂಪವೆಂಬುದೇ ಅಲ್ಲಿ ದಿನವೂ ಬಸ್ಸು ಹತ್ತುವ ಎಷ್ಟೋ ಹುಡುಗರಿಗೆ ಹೊಸ ಸುದ್ದಿ!

ಆದರೂ ನಿರಾಶರಾಗಲು ಕಾರಣವಿಲ್ಲ. ಅದೇ ಬಿ. ಸಿ. ರೋಡಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದ ಪ್ರೊ. ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕನ ಹೆಸರಿನಲ್ಲಿ ಒಂದು ಅಧ್ಯಯನ ಕೇಂದ್ರವನ್ನೂ, ತುಳುವರ ದಿನಬಳಕೆಯ ವಸ್ತುಗಳ ಸಂಗ್ರಹಾಲಯವನ್ನೂ ಕಟ್ಟಿದರು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ಸಂಗ್ರಹಾಲಯವಿದೆ. ಆದರೆ ಅದಕ್ಕೆ ಕ್ಷೇತ್ರದ ಬಲವಿದೆ. ಬಲವಿಲ್ಲದ ಊರುಗಳಿಗೆ ದಾರಿ ತೋರತಕ್ಕುದು ಬಂಟ್ವಾಳದ ಅಧ್ಯಾಪಕರ ಉದಾಹರಣೆಯೇ.

ಮೂಡಬಿದಿರೆಯು ಒಂದು ಕಾಲಕ್ಕೆ ಕಾರ್ಕಳ ತಾಲೂಕಿಗೂ ಆಮೇಲೆ ಮಂಗಳೂರು ತಾಲೂಕಿಗೂ ಸೇರಿದ್ದು, ಈಗ ತಾನೇ ಒಂದು ತಾಲೂಕಾಗಿದೆ. ಹೊಸ ಕಚೇರಿಯೊಡನೆ ಹಳೆಯ ಕಡತಗಳಿಗೆಂದು ಗೆದ್ದಲು ಹತ್ತದ, ಮಳೆ ಸೋರದ ಒಂದು ಕೋಣೆಯನ್ನು ಪುರಸಭೆಯಾಗಲಿ ಕಾಲೇಜುಗಳಾಗಲಿ ಬಿಟ್ಟುಕೊಡಬೇಕು. ಮನೆಯವರು ಮೂಲಪತ್ರವನ್ನು ಕೊಡಲೊಪ್ಪದಿದ್ದರೆ ಬಲವಂತ ಬೇಡ; ಛಾಯಾಚಿತ್ರ ತೆಗೆದುಕೊಂಡು ಮೂಲವನ್ನು ಮರಳಿ ಅವರ ಕೈಯಲ್ಲೇ ಇಡತಕ್ಕುದು. ಎಗ್ಮೋರಿನ ಸಂಪುಟಗಳ ಪ್ರತಿಗಳನ್ನು ತರಿಸುವುದು ಮಾತ್ರ ಸರಕಾರದ ಕೆಲಸ. ತರಿಸುವಾಗ ಕಾಸರಗೋಡಿಗೆ ಸಂಬಂಧಿಸಿದುದನ್ನು ಬಿಟ್ಟುಬಿಡಲಾಗದು. 1956ರವರೆಗೆ ಅದೂ ಇದೇ ಜಿಲ್ಲೆಯ ತಾಲೂಕಾಗಿದ್ದುದರಿಂದ, ಅಲ್ಲಿಯ ಕನ್ನಡಿಗರಿಗೂ ಆ ಕಾಗದಗಳಲ್ಲಿ ಸಮಪಾಲಿದೆ.

ಮುಂದಿನ ಮಳೆಗಾಲ ಹಿಡಿಯುವುದಕ್ಕೆ ಮೊದಲು ಮೂರು ತಾಲೂಕುಗಳ ಉಪಾಧ್ಯಾಯರು ತಂತಮ್ಮ ಶಾಲೆಯ ಕಪಾಟನ್ನು ಒಮ್ಮೆ ತೆರೆದು, ಅದರಲ್ಲಿರುವ ಹಳೆಯ ಪುಸ್ತಕಗಳ ಪಟ್ಟಿಯನ್ನು ವರ್ಷಸಮೇತ ಬರೆದು ಕಳುಹಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಬಂದ ಪಟ್ಟಿಗಳಿಗಾಗಿ ಪ್ರತಿವಾರವೂ ಒಂದು ಅಂಕಣವನ್ನು ತೆರವಾಗಿಡುವೆವು.