ಪಹಣಿ ಇಲ್ಲದವಳಿಗೆ ಜಾಮೀನು ಎಲ್ಲಿಂದ?

ಇಬ್ಬನಿ ಆರುವ ಮೊದಲೇ ಹೊಗೆಸೊಪ್ಪಿನ ಹೊಲಕ್ಕಿಳಿದ ಹೆಂಗಸಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ವಾಂತಿ ಬರುತ್ತದೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕಿಳಿಯುವ ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಹುಣಸೂರು, ಪಿರಿಯಾಪಟ್ಟಣದ ಕೂಲಿ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಸೊಪ್ಪು ಮುರಿಯುವವಳು, ಕಡ್ಡಿಗೆ ಕಟ್ಟುವವಳು, ಬೆಂದ ಮೇಲೆ ಬಣ್ಣ ನೋಡಿ ಬಿಡಿಸುವವಳು ಎಲ್ಲ ಇವಳೇ. ಮೈನೋವಿಗೆ ಮಡಿಲಲ್ಲಿ ಎಲೆಅಡಿಕೆ, ಕಡ್ಡಿಪುಡಿ. ರಾತ್ರಿಗೆ ಒಂದು ಹೆಂಡದ ಪ್ಯಾಕೆಟ್. ಇದನ್ನು ಚಟ ಅನ್ನುತ್ತೀರಿ. ಸರಿ, ಚಟವೇ. ಆದರೆ ಅದನ್ನು ಅಂಟಿಸಿದವರ ವಿಚಾರಣೆ ಯಾವ ಕೋರ್ಟಿನಲ್ಲಿ ನಡೆಯುತ್ತಿದೆ?

ಸೊಪ್ಪಿಗೆ ಸರ್ಕಾರವೇ ಯಜಮಾನ. 1975ರಲ್ಲಿ ಕಾಯ್ದೆ ಮಾಡಿ, ಮರುವರ್ಷ ತಂಬಾಕು ಮಂಡಳಿ ಕಟ್ಟಿ, ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಯಾವ ಹರಾಜು ಕಟ್ಟೆಗೆ ಬೇಲು ತರಬೇಕು ಎಂದು ಗೊತ್ತುಮಾಡುವುದು ಅದೇ. ಹೆಂಡಕ್ಕೂ ಸರ್ಕಾರವೇ ಸಗಟು ವ್ಯಾಪಾರಿ; ಅದಕ್ಕೆಂದೇ 2003ರಲ್ಲಿ ಪಾನೀಯ ನಿಗಮ ಹುಟ್ಟಿತು. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧವಾದಾಗ ಹೆಂಗಸರು ನಿಟ್ಟುಸಿರು ಬಿಟ್ಟರು. ಸಾರಾಯಿ ಹೋಯಿತು, ಅಗ್ಗದ ವಿಸ್ಕಿ ಬಂತು, ಕುಡಿತ ಅಲ್ಲೇ ಉಳಿಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಡಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಬಿಸಿಲಲ್ಲಿ ನಡೆದರಲ್ಲ, ಅವರ ಕಾಲಿನ ಬೊಬ್ಬೆಗಳು ಒಣಗುವ ಮೊದಲೇ ಅಬಕಾರಿ ಆದಾಯದ ಗುರಿ ಮತ್ತೆ ಏರಿತು.

ಈಗ ಎಚ್.ಡಿ. ಕೋಟೆಯ ಯಾವುದಾದರೂ ಆದಿವಾಸಿ ಹಾಡಿಯ ಅಂಚಿಗೆ ಬನ್ನಿ. ಗೂಡಂಗಡಿಯಲ್ಲಿ ಬೀಡಿ, ಬಿಸ್ಕತ್ತಿನ ಹಿಂದೆ ನಾಲ್ಕು ಪ್ಯಾಕೆಟ್ ಇಟ್ಟುಕೊಂಡು ಮಾರುವವಳು ಸಿಕ್ಕಿಬೀಳುತ್ತಾಳೆ. ಅಬಕಾರಿ ಕಾಯ್ದೆಯ 32, 34 ಎಂದು ಕೇಸು. ಪ್ಯಾಕೆಟ್ ಯಾವ ಸನ್ನದುದಾರನ ಅಂಗಡಿಯಿಂದ ಬಂತು ಎಂಬ ಪ್ರಶ್ನೆ ಮಹಜರಿನ ಹಾಳೆ ದಾಟುವುದೇ ಇಲ್ಲ. ಹೊಲದ ನಡುವೆ ಯಾರದೋ ಮಾತಿಗೆ ಗಾಂಜಾ ಗಿಡಕ್ಕೆ ನೀರು ಹಾಕಿದ ಕೂಲಿಯವಳಿಗೆ ಇನ್ನೂ ದೊಡ್ಡ ಕಾಯ್ದೆ, ಮಾದಕ ವಸ್ತು ತಡೆಯ ಎನ್‌ಡಿಪಿಎಸ್. ಸೊಪ್ಪು ಬೇಯಿಸಲು ಟನ್‌ಗಟ್ಟಲೆ ಸೌದೆ ನುಂಗುವ ಬ್ಯಾರನ್‌ಗಳ ಊರಿನಲ್ಲೇ ಕಾಡಿನಿಂದ ಒಂದು ಹೊರೆ ಸೌದೆ ತಂದವಳೂ ಅಪರಾಧಿ!

ಅಲ್ಲಿಂದ ಮೈಸೂರು ಕಾರಾಗೃಹದ ಹೆಂಗಸರ ವಿಭಾಗ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಹೆಂಡ ತಟ್ಟನೆ ನಿಂತರೆ ಎರಡು ಮೂರು ದಿನಕ್ಕೆ ಕೈಕಾಲು ನಡುಕ, ಬೆವರು, ಭ್ರಮೆ, ಕೆಲವೊಮ್ಮೆ ಅಪಸ್ಮಾರ. ನೋಡದೆ ಬಿಟ್ಟರೆ ಜೀವವೇ ಹೋಗಬಹುದು. ಇದನ್ನು ಕಂಡವರು ‘ದೆವ್ವ ಹಿಡಿದಿದೆ’ ಅನ್ನುತ್ತಾರೆ, ‘ನಾಟಕ’ ಅನ್ನುತ್ತಾರೆ. ಬೇಕಾದ ಔಷಧಿಯೇನು ಅಮೆರಿಕದಿಂದ ಬರಬೇಕಾಗಿಲ್ಲ: ನಡುಕ ತಗ್ಗಿಸುವ ಮಾತ್ರೆ, ಥಯಮಿನ್ ಸೂಜಿ, ಪಕ್ಕದಲ್ಲಿ ಕಣ್ಣಿಟ್ಟಿರುವ ಒಬ್ಬ ದಾದಿ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ 79.6 ಮಂದಿಗೆ ಮನೋರೋಗವೋ ಮಾದಕ ವಸ್ತುಗಳ ಬಳಕೆಯೋ ಇತ್ತು. ಇಂಥ ಲೆಕ್ಕ ಕೈಯಲ್ಲಿ ಹಿಡಿದೂ ಕಾರಾಗೃಹವನ್ನು ಬರೀ ಬೀಗ ಹಾಕುವ ಜಾಗವಾಗಿ ನಡೆಸುವುದಕ್ಕೆ ಅಜ್ಞಾನ ಎನ್ನಲಾರೆ.

ಇನ್ನು ಜಾಮೀನಿನ ಮಾತು. ಇಲ್ಲಿ ನನ್ನ ಸಿಟ್ಟಿಗೆ ಮಿತಿಯಿಲ್ಲ.

ನ್ಯಾಯಾಧೀಶರು ಜಾಮೀನು ಕೊಟ್ಟರು ಎನ್ನಿ. ಹೊಣೆ ನಿಲ್ಲುವವರು ಬೇಕು, ಅವರ ಕೈಯಲ್ಲಿ ಪಹಣಿ ಬೇಕು. ಕೆ.ಆರ್. ನಗರದ ಬಯಲಿನಲ್ಲಾದರೆ ಅಣ್ಣನೋ ಚಿಕ್ಕಪ್ಪನೋ ಮನಸ್ಸು ಮಾಡಿದರೆ ಅರ್ಧ ಎಕರೆಯ ಪಹಣಿ ಸಿಕ್ಕೀತು. ಹಾಡಿಯ ಜೇನುಕುರುಬ ಹೆಂಗಸಿಗೆ? 1974ರಲ್ಲಿ ಕಬಿನಿಗೆ ಕಟ್ಟೆ ಕಟ್ಟಿ ನೆಲ ಮುಳುಗಿಸಿದಿರಿ. ನಾಗರಹೊಳೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿ, ಆಮೇಲೆ ಹುಲಿಗೆ ಮೀಸಲಿಟ್ಟು, ಹಾಡಿ ಹಾಡಿಗಳನ್ನೇ ಹೊರಕ್ಕೆ ದಬ್ಬಿದಿರಿ. ಹೈಕೋರ್ಟಿನ ಆದೇಶದಂತೆ ರಚನೆಯಾದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದು ಎಣಿಸಿ ಹೇಳಿತು. ಆ ಕುಟುಂಬಗಳ ಹೆಣ್ಣುಮಕ್ಕಳು ಕೊಡಗಿನ ತೋಟಗಳಿಗೆ ಜೀಪು ಹತ್ತಿದರು, ಲೈನ್ ಮನೆಗಳಲ್ಲಿ ಮಲಗಿದರು, ಶನಿವಾರದ ಬಟವಾಡೆಯ ಜೊತೆಗೇ ಕುಡಿತವನ್ನೂ ಪಡೆದರು. ಆದಿವಾಸಿಗಳು ಹುಟ್ಟು ಕುಡುಕರು ಎಂದು ಷರಾ ಬರೆಯುವ ಮಹನೀಯರು ಈ ಸಾಲುಗಳನ್ನು ಇನ್ನೊಮ್ಮೆ ಓದಲಿ. ನೆಲ ಕಸಿದವರೇ ಈಗ ಕಟಕಟೆಯ ಮುಂದೆ ನಿಂತು ಕೇಳುತ್ತಿದ್ದಾರೆ: ‘ನಿನ್ನ ಕಡೆಯವರ ಪಹಣಿ ಎಲ್ಲಮ್ಮಾ?’

ಕಾನೂನು ಇಲ್ಲ ಎಂದು ಯಾರೂ ನುಣುಚಿಕೊಳ್ಳುವಂತಿಲ್ಲ. ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರು ಸಿಗದಿದ್ದರೆ ಆಕೆಯನ್ನು ಬಡವಳೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 436ರಲ್ಲಿದ್ದ ಮಾತು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 478ರಲ್ಲೂ ಇದೆ. ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಜೈಲು ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕು ಎಂದು 479 ಹೇಳುತ್ತದೆ. ಸಣ್ಣ ಪ್ರಮಾಣದ ಮಾದಕ ವಸ್ತುವಿನ ಕೇಸಿನಲ್ಲಿ ವ್ಯಸನಿಯನ್ನು, ಆಕೆ ಒಪ್ಪಿದರೆ, ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬಂದ ಮನಸ್ಸಿನ ತೊಂದರೆಯನ್ನೂ ಕಾಯಿಲೆ ಎಂದೇ ಒಪ್ಪಿಕೊಂಡಿದೆ.

2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳಿಗೆಂದು ಯೋಜನೆ ತಂದಿತು: ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ದವರೆಗೆ. ನಿಯಮದ ಕೆಳಗಿನ ಸಾಲಿನಲ್ಲಿ ಎನ್‌ಡಿಪಿಎಸ್ ಕೇಸಿನ ವಿಚಾರಣಾಧೀನರು ಇದಕ್ಕೆ ಅನರ್ಹರು. ಸಾಗಣೆದಾರನಿಗೆ ಈ ಹಣ ಬೇಕಾಗಿಲ್ಲ, ಅವನಿಗೆ ಹಿರಿಯ ವಕೀಲರಿದ್ದಾರೆ. ಬಾಗಿಲು ಮುಚ್ಚಿದ್ದು ಗಿಡಕ್ಕೆ ನೀರು ಹಾಕಿದವಳ ಮುಖಕ್ಕೆ.

ಬಿಡುಗಡೆಯ ದಿನದ ಕಥೆ ಚಿಕ್ಕದು. ಮೈಸೂರು ಕಾರಾಗೃಹದ ಕೈದಿಗಳು ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ನಾಟಕ ಆಡಿದಾಗ ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು, ಹೊಡೆಯಬೇಕಾದದ್ದೇ. ಆದರೆ ಆ ಚಪ್ಪಾಳೆ ಬಿಡುಗಡೆಯಾದವಳ ಹಿಂದೆ ಊರಿಗೆ ಬರುವುದಿಲ್ಲ. ಗಂಡಸು ಕುಡಿತ ಬಿಟ್ಟರೆ ಊರಿನ ಮದ್ಯವರ್ಜನ ಶಿಬಿರದಲ್ಲಿ ಹಾರ, ಭಾಷಣ. ಹೆಂಗಸು ಬಸ್ಸಿಳಿದರೆ ಜಗಲಿಯ ಮೇಲಿಂದ ಒಂದೇ ಮಾತು: ‘ಜೈಲ್‌ಗೋಗಿ ಬಂದೋಳು.’ ಗಂಡನ ಮನೆಗೆ ಬೇಡ, ತವರಿಗೆ ಬೇಡ, ಸ್ತ್ರೀಶಕ್ತಿ ಸಂಘದ ಸಾಲದ ಪಟ್ಟಿಗಂತೂ ಬೇಡವೇ ಬೇಡ. ಕೈಚಾಚಿ ಕರೆಯುವುದು ಹಳೆಯ ಗೂಡಂಗಡಿ, ಹಳೆಯ ಮೇಸ್ತ್ರಿ. ಮತ್ತೆ ಸಿಕ್ಕಿಬಿದ್ದರೆ ‘ನೋಡಿ, ಇವರು ಬದಲಾಗಲ್ಲ’ ಎಂದು ಠಾಣೆಯಲ್ಲಿ ನಗು.

ಇಡೀ ದೇಶದ ಜೈಲುಗಳಲ್ಲಿ 2022ರ ಕೊನೆಗೆ 5,73,220 ಮಂದಿ ಇದ್ದರು, ಹೆಂಗಸರು 23,772. ಎಣಿಕೆ ಚಿಕ್ಕದು ಎಂದೇ ಇವರನ್ನು ಮರೆಯುವುದು ಸಲೀಸು. ನಾನು ಹೇಳುವುದು ತಿರುಗುಮುರುಗು: ಇಷ್ಟು ಕಡಿಮೆ ಇರುವುದರಿಂದಲೇ ಇವರನ್ನು ಒಬ್ಬೊಬ್ಬರನ್ನಾಗಿ ನೋಡಿಕೊಳ್ಳಲು ಯಾವ ಜಿಲ್ಲಾಡಳಿತಕ್ಕೂ ಕಷ್ಟವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆಂದು ಹೆಂಗಸರಿಗೆ ಎಷ್ಟು ಹಾಸಿಗೆ ಮೀಸಲು, ಬೋರ್ಡು ಬರೆದು ಹಾಕಲಿ. ಒಂದೂ ಇಲ್ಲದಿದ್ದರೆ ಸೊನ್ನೆ ಎಂದೇ ಬರೆಯಲಿ. ಹೊಗೆಸೊಪ್ಪಿನ ಹರಾಜಿನಿಂದ, ಅಬಕಾರಿಯಿಂದ ಬರುವ ಹಣದಲ್ಲಿ ಒಂದು ಪಾಲನ್ನು ಆ ಹಾಸಿಗೆಗೂ, ಹೊರಬಂದವಳ ಮೊದಲ ಆರು ತಿಂಗಳ ಬಾಡಿಗೆ, ಪಡಿತರಕ್ಕೂ ಕಟ್ಟಿಡಲಿ. ಪಹಣಿ ಇಲ್ಲದ ಹಾಡಿಯವಳಿಂದ ಪಹಣಿ ಕೇಳುವುದನ್ನು ನಿಲ್ಲಿಸಲಿ. ಬಡ ಕೈದಿಗಳ ಯೋಜನೆಗೆಂದು ಜಿಲ್ಲಾಧಿಕಾರಿಯನ್ನೂ ಒಳಗೊಂಡ ಸಮಿತಿಯೊಂದು ಪ್ರತಿ ಜಿಲ್ಲೆಯಲ್ಲೂ ಇರಬೇಕಲ್ಲ. ಮೈಸೂರಿನ ಸಮಿತಿ ಎಷ್ಟು ಸಲ ಸಭೆ ಸೇರಿದೆ, ಹೆಂಗಸರ ವಿಭಾಗದ ಎಷ್ಟು ಹೆಸರು ಅದರ ಮುಂದೆ ಬಂದಿವೆ, ಎಷ್ಟು ಮಂದಿ ಆ ಹಣದಿಂದ ಹೊರಗೆ ಬಂದರು? ಈ ಮೂರು ಲೆಕ್ಕವನ್ನು ನಾಲ್ಕೂ ತಾಲ್ಲೂಕು ಕಚೇರಿಗಳ ಗೋಡೆಗೆ ಅಂಟಿಸಿ.