ಅವಳ ನೋವಿಗೆ ಮನೆಯ ಅಡುಗೆಯೂ ಓಗೊಡಲಿ

ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವ ಹುಡುಗಿಗೆ ನಮ್ಮ ಮನೆಗಳಲ್ಲಿ ಸಿಗುವ ಸಮಾಧಾನ ಹೆಚ್ಚುಕಡಿಮೆ ಒಂದೇ: "ಎಲ್ಲರಿಗೂ ಆಗುತ್ತೆ, ಸ್ವಲ್ಪ ತಡ್ಕೋ." ಮದುವೆಯಾದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮದುವೆಯಾದವಳಿಗೆ ಒಂದು ಮಗುವಾದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೇಳುವವರು ಅವಳ ಕೆಡುಕು ಬಯಸಿದವರೇನಲ್ಲ. ಅಜ್ಜಿ, ಅಮ್ಮ, ಅತ್ತೆ ತಾವೂ ಹಾಗೆಯೇ ತಡೆದುಕೊಂಡು ಬಂದವರು. ಆದರೆ ಹೀಗೆ ಮುದುಡಿ ಮಲಗುವವರಲ್ಲಿ ಕೆಲವರಿಗಿರುವುದು ಎಲ್ಲರಿಗೂ ಆಗುವ ನೋವಲ್ಲ. ಅದು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ. ಊಟ, ನಿದ್ದೆ, ನಡಿಗೆಯ ಕ್ರಮದಿಂದ ನೋವನ್ನು ಒಂದಿಷ್ಟು ಹದಕ್ಕೆ ತರುವ ದಾರಿಯೂ ಇದೆ. ಈ ಮನವಿ ಆ ಹುಡುಗಿಗಿಂತ ಹೆಚ್ಚಾಗಿ ಅವಳ ಸುತ್ತ ಇರುವವರಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆಯಿದೆ. ಗರ್ಭಕೋಶದ ಒಳಪದರವನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯ, ಗರ್ಭನಾಳ, ಕಿಬ್ಬೊಟ್ಟೆಯ ಒಳಪೊರೆ, ಕೆಲವರಲ್ಲಿ ಕರುಳು ಮತ್ತು ಮೂತ್ರಕೋಶದ ಮೇಲೂ ಅದು ಬೇರೂರುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಅದನ್ನು ಪೋಷಿಸುತ್ತದೆ. ಅದು ಇರುವಲ್ಲೆಲ್ಲ ಉರಿಯೂತವಾಗುತ್ತದೆ, ಕಲೆಗಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುವುದೂ ಉಂಟು. ಹಾಗಾಗಿ ನೋವು ಮುಟ್ಟಿಗೇ ಸೀಮಿತವಲ್ಲ. ಮಲವಿಸರ್ಜನೆಯಲ್ಲಿ, ಮೂತ್ರ ಮಾಡುವಾಗ, ಗಂಡನ ಜೊತೆ ಸೇರುವಾಗ ನೋಯುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ಮಲಗಿ ಎದ್ದರೂ ಹೋಗದ ಆಯಾಸ ಬೆನ್ನು ಹತ್ತುತ್ತದೆ. ಗರ್ಭ ನಿಲ್ಲುವುದೂ ಕೆಲವರಿಗೆ ಕಷ್ಟವಾಗುತ್ತದೆ. ಬಹಳಷ್ಟು ಮನೆಗಳಲ್ಲಿ ಈ ಕಾಯಿಲೆಯ ಹೆಸರು ಮೊದಲು ಕೇಳಿಬರುವುದೇ ಮಗುವಾಗಲಿಲ್ಲ ಎಂದು ಆಸ್ಪತ್ರೆಗೆ ಹೋದಾಗ. ಅವಳ ನೋವಿಗೆ ಯಾರೂ ಕರೆದೊಯ್ಯದ ಆಸ್ಪತ್ರೆಗೆ ಮಗುವಿಗಾಗಿ ಕರೆದೊಯ್ದಿರುತ್ತಾರೆ.

ಚೆನ್ನೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಡುಗೆ ಬರಹಗಾರ್ತಿಯಾಗಿ, ಟಿವಿ ನಿರೂಪಕಿಯಾಗಿ ಹೆಸರಾದ ಪದ್ಮಾ ಲಕ್ಷ್ಮಿ ಹದಿಮೂರನೇ ವಯಸ್ಸಿನಿಂದ ಈ ನೋವು ತಿಂದವರು. ಕಾಯಿಲೆ ಗೊತ್ತಾದದ್ದು 36ನೇ ವಯಸ್ಸಿನಲ್ಲಿ. ಮುಂದೆ ಹಣ, ಹೆಸರು, ನ್ಯೂಯಾರ್ಕಿನ ಆಸ್ಪತ್ರೆಗಳು ಎಲ್ಲವೂ ಕೈಗೆಟುಕಿದರೂ ಕಾಯಿಲೆ ಗೊತ್ತಾಗುವಷ್ಟರಲ್ಲಿ ಎರಡು ದಶಕಗಳು ಕಳೆದಿದ್ದವು. 2009ರಲ್ಲಿ ಅವರು ಶಸ್ತ್ರವೈದ್ಯ ತಾಮೆರ್ ಸೆಚ್ಕಿನ್ ಜೊತೆ ಸೇರಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಮಂಗಳೂರು ಮೂಲದ ನಟಿ ಶಮಿತಾ ಶೆಟ್ಟಿ 2024ರ ಮೇ ತಿಂಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ವಿಡಿಯೊ ಮಾಡಿ, ಈ ಕಾಯಿಲೆ ಏನೆಂದು ದಯವಿಟ್ಟು ಹುಡುಕಿ ತಿಳಿದುಕೊಳ್ಳಿ ಎಂದು ಹೆಂಗಸರನ್ನು ಕೇಳಿಕೊಂಡರು. ನೋವು ಶುರುವಾದಾಗಿನಿಂದ ಕಾಯಿಲೆ ಪತ್ತೆಯಾಗುವವರೆಗೆ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರಲ್ಲಿ ಒಬ್ಬ ಹುಡುಗಿಯ ಕಾಲೇಜು, ಮೊದಲ ಕೆಲಸ, ಮದುವೆಯ ಆರಂಭದ ದಿನಗಳು ಎಲ್ಲವೂ ಮುಗಿದಿರುತ್ತವೆ.

ಇನ್ನು ಊಟದ ಮಾತು. ಇಲ್ಲಿ ಪ್ರಾಮಾಣಿಕವಾಗಿ ಹೇಳಲೇಬೇಕಾದದ್ದು ಒಂದಿದೆ: ಎಂಡೊಮೆಟ್ರಿಯೋಸಿಸ್ ವಾಸಿ ಮಾಡುವ ಆಹಾರ ಯಾವುದೂ ಇಲ್ಲ. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ನೋವು ಕಡಿಮೆ ಮಾಡಲು ಇಂಥದ್ದೇ ಪಥ್ಯ ಎಂದು ಶಿಫಾರಸು ಮಾಡುವಷ್ಟು ಪುರಾವೆ ಸಿಕ್ಕಿಲ್ಲ ಎಂದೇ ಹೇಳುತ್ತದೆ. ಮೊಬೈಲಿನಲ್ಲಿ ಬರುವ "ಹದಿನೈದೇ ದಿನದಲ್ಲಿ ಗಂಟು ಕರಗಿಸುವ" ಪುಡಿ, ಕಷಾಯ, ಜ್ಯೂಸುಗಳ ವಿಡಿಯೊಗಳನ್ನು ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ. ಅವನ್ನು ನಂಬಿ ಮಾತ್ರೆ ಬಿಟ್ಟವಳು ಮತ್ತಷ್ಟು ತಿಂಗಳು ಕಳೆದುಕೊಳ್ಳುತ್ತಾಳೆ.

ಹಾಗೆಂದು ಊಟಕ್ಕೂ ನೋವಿಗೂ ಸಂಬಂಧವೇ ಇಲ್ಲವೆಂದಲ್ಲ. ಎಡಿನ್‌ಬರಾ ವಿಶ್ವವಿದ್ಯಾಲಯದ ಸಂಶೋಧಕರು 51 ದೇಶಗಳ 2,500ಕ್ಕೂ ಹೆಚ್ಚು ಮಂದಿಯನ್ನು ಕೇಳಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಊಟದಲ್ಲಿ ಏನಾದರೊಂದು ಬದಲಾವಣೆ ಮಾಡಿ ನೋಡಿದ್ದರು. ಹಾಗೆ ಮಾಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ನೋವು ತಗ್ಗಿತು ಎಂದರು. ಇದು ಅನುಭವಿಸಿದವರ ಮಾತು. ಪ್ರಯೋಗದ ಸಾಬೀತಲ್ಲವಾದರೂ ತಳ್ಳಿಹಾಕುವಂಥದ್ದೂ ಅಲ್ಲ. ಅಮೆರಿಕದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ದಾದಿಯರನ್ನು ಹನ್ನೆರಡು ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೀನಿನಲ್ಲಿ ಸಿಗುವಂಥ ಒಮೆಗಾ-3 ಕೊಬ್ಬನ್ನು ಹೆಚ್ಚು ತಿಂದವರಲ್ಲಿ ಈ ಕಾಯಿಲೆ ಪತ್ತೆಯಾಗುವ ಸಂಭವ ಶೇ 22ರಷ್ಟು ಕಡಿಮೆಯಿತ್ತು. ಟ್ರಾನ್ಸ್ ಕೊಬ್ಬು ಹೆಚ್ಚು ತಿಂದವರಲ್ಲಿ ಶೇ 48ರಷ್ಟು ಹೆಚ್ಚಿತ್ತು. ಅದು ಕಾಯಿಲೆ ಬರುವ ಸಂಭವದ ಲೆಕ್ಕ, ಬಂದ ನೋವು ಇಳಿಯುವ ಲೆಕ್ಕವಲ್ಲ. ಆದರೂ ಉರಿಯೂತ ಕಡಿಮೆ ಮಾಡುವ ಊಟ ಎಂದು ವೈದ್ಯರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂಥ ಸುಳಿವುಗಳೇ.

ಈ ಸುಳಿವುಗಳನ್ನು ಹಿಡಿದು ಕನ್ನಡದ ಅಡುಗೆಮನೆಗೆ ಬಂದರೆ, ಬೇಕಾದ್ದರಲ್ಲಿ ಬಹುಪಾಲು ಆಗಲೇ ಅಲ್ಲಿದೆ. ಕರಾವಳಿಯಲ್ಲಿ ಅಗ್ಗಕ್ಕೆ ಸಿಗುವ ಬೂತಾಯಿ, ಬಂಗುಡೆಗಳಲ್ಲಿ ಒಮೆಗಾ-3 ಯಥೇಚ್ಛವಾಗಿದೆ. ಗರಿಗರಿಯಾಗಿ ಕರಿಯುವ ಬದಲು ಪುಳಿಮುಂಚಿ ಸಾರು ಮಾಡಿದರೆ ಇನ್ನೂ ಒಳ್ಳೆಯದು. ಮೀನು ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದೆ. ಅಗಸೆಯಲ್ಲಿರುವುದು ಮೀನಿನಲ್ಲಿರುವಂಥದ್ದೇ ಕೊಬ್ಬಲ್ಲ, ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಹಾಗೆ ಬದಲಿಸಿಕೊಳ್ಳುತ್ತದೆ. ಆದರೂ ಅದರ ಜೊತೆ ನಾರಿನಂಶ ಸಿಗುತ್ತದೆ, ಮಲಬದ್ಧತೆ ಕಳೆಯುತ್ತದೆ. ಕರುಳಿನ ಸುತ್ತ ನೋವಿರುವವಳಿಗೆ ಅದೇ ದೊಡ್ಡ ಉಪಕಾರ. ಹಳೆಯ ಡಾಲ್ಡಾ, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬಜ್ಜಿ, ಬೇಕರಿಯ ಪಫ್ ಇವನ್ನು ತಗ್ಗಿಸುವುದರಿಂದ ಯಾರಿಗೂ ನಷ್ಟವಿಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಎಂಬ ನಿಯಮ 2022ರಿಂದ ದೇಶದಲ್ಲಿ ಜಾರಿಯಲ್ಲಿದೆ. ಆದರೆ ಬೀದಿಬದಿಯ ಬಾಣಲೆಯಲ್ಲಿ ಎಣ್ಣೆ ಎಷ್ಟು ಸಲ ಕಾದಿದೆ ಎಂದು ಅಳೆಯುವವರು ಯಾರು?

ಗೋಧಿ ಬಿಟ್ಟರೆ ನೋವು ಹೋಗುತ್ತದೆಯೇ ಎಂಬುದು ಹೆಚ್ಚಿನವರ ಪ್ರಶ್ನೆ. ಇಟಲಿಯಲ್ಲಿ 207 ಮಹಿಳೆಯರು ಒಂದು ವರ್ಷ ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನು) ಇಲ್ಲದ ಊಟ ಮಾಡಿದಾಗ ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ನೋವು ಇಳಿಯಿತು ಎಂಬ 2012ರ ವರದಿಯಿಂದ ಈ ಮಾತು ಹಬ್ಬಿದೆ. ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಗೋಧಿ ಬಿಟ್ಟದ್ದೇ ಕಾರಣ ಎನ್ನಲಾಗದು. ಬಿಟ್ಟು ನೋಡಬೇಕೆನ್ನುವವಳು ಮೊದಲು ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ, ಗೋಧಿ ಬಿಟ್ಟ ಮೇಲೆ ಆ ಪರೀಕ್ಷೆ ಸರಿಯಾಗಿ ಹೇಳುವುದಿಲ್ಲ. ಬಿಡುವುದಾದರೆ ದುಬಾರಿ ಪ್ಯಾಕೆಟ್ಟುಗಳ ಹಂಗು ನಮ್ಮವರಿಗಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಅಕ್ಕಿ ರೊಟ್ಟಿ, ನವಣೆ ಅನ್ನ ಯಾವುದರಲ್ಲೂ ಗ್ಲುಟನ್ ಇಲ್ಲ. ಉಪ್ಪಿಟ್ಟಿನ ರವೆ, ಶ್ಯಾವಿಗೆಯ ಮೇಲೆ ಕಣ್ಣಿರಲಿ. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ.

ಹೊಟ್ಟೆಯುಬ್ಬರವೇ ಮುಖ್ಯ ತೊಂದರೆಯಾದವರಿಗೆ ಇನ್ನೊಂದು ಪಥ್ಯ ಗಟ್ಟಿ ಭರವಸೆ ತೋರಿಸಿದೆ. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಮುಂದೆ ಹೋಗಿ, ದೊಡ್ಡ ಕರುಳಿನಲ್ಲಿ ಹುದುಗಿ ಗಾಳಿ ತುಂಬುತ್ತವೆ. ಅವುಗಳನ್ನು ತಗ್ಗಿಸುವ ಈ ಕ್ರಮಕ್ಕೆ ಲೋ-ಫಾಡ್‌ಮ್ಯಾಪ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಎಂಡೊಮೆಟ್ರಿಯೋಸಿಸ್ ಇರುವ 35 ಮಹಿಳೆಯರಿಗೆ ಎರಡು ಬಗೆಯ ಊಟವನ್ನು ತಲಾ 28 ದಿನ ಕೊಟ್ಟು ನೋಡಿದರು. ಈ ಪಥ್ಯದಲ್ಲಿದ್ದಾಗ ಶೇ 60ರಷ್ಟು ಮಂದಿಗೆ ಹೊಟ್ಟೆಯ ತೊಂದರೆ ಇಳಿಯಿತು, ಸಾಮಾನ್ಯ ಊಟದಲ್ಲಿದ್ದಾಗ ಶೇ 26ರಷ್ಟು ಮಂದಿಗೆ ಮಾತ್ರ. ಆದರೆ ಇದರಲ್ಲಿ ಬಿಡಬೇಕಾದ್ದು ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಬಹುತೇಕ ಬೇಳೆಕಾಳು. ಸಸ್ಯಾಹಾರಿ ಹೆಣ್ಣುಮಗಳು ತೊಗರಿಬೇಳೆ, ಹುರುಳಿ, ಹಾಲು ಎಲ್ಲವನ್ನೂ ಬಿಟ್ಟು ಕೂತರೆ ಪ್ರೋಟೀನಿಗೆ ಏನು ಗತಿ? ಅದಕ್ಕೇ ಇದು ಆಹಾರತಜ್ಞರ ಕಣ್ಗಾವಲಿನಲ್ಲಿ ಕೆಲವೇ ವಾರ ಮಾಡಿ, ಆಮೇಲೆ ಒಂದೊಂದನ್ನೇ ಮರಳಿ ತಿಂದು ಯಾವುದು ತನಗೆ ಒಗ್ಗುವುದಿಲ್ಲ ಎಂದು ಕಂಡುಕೊಳ್ಳುವ ಕ್ರಮ. ಜೀವನವಿಡೀ ನಡೆಸುವ ವ್ರತವಲ್ಲ.

ಈಗ ಈ ಮನವಿಯ ತಿರುಳು. ಇಷ್ಟೆಲ್ಲ ಓದಿದ ಮನೆಯವರು ಅವಳನ್ನು ಕರೆದು "ನೀನು ಹೀಗೆ ತಿನ್ನು" ಎಂದು ಹೇಳಿ ಮುಗಿಸಿದರೆ ಏನಾಗುತ್ತದೆ? ಎಲ್ಲರಿಗೂ ಒಂದು ಅಡುಗೆ, ತನಗೆ ಇನ್ನೊಂದು. ಎರಡನ್ನೂ ಮಾಡುವವಳು ಅವಳೇ, ಅದೂ ನೋವಿನಲ್ಲಿ. ವಾರ ಕಳೆಯುವಷ್ಟರಲ್ಲಿ ತನ್ನದನ್ನು ಕೈಬಿಡುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ಇರುವ ಮನೆಗಳಲ್ಲಿ ಪಥ್ಯದ ಪಟ್ಟಿಗೆ ಅರ್ಥವೇ ಇಲ್ಲ. ಸೊಪ್ಪಿನ ಪಲ್ಯ ಮೊದಲೇ ಖಾಲಿಯಾಗಿರುತ್ತದೆ, ಮೀನಿನ ನಡುತುಂಡು ಬೇರೆಯವರ ತಟ್ಟೆಯಲ್ಲಿರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚು ಸ್ರಾವವಾಗುವವಳಿಗೆ ಇದು ಆಯಾಸದ ಮೇಲೆ ಆಯಾಸ.

ಆದ್ದರಿಂದ ಬದಲಾಗಬೇಕಾದ್ದು ಇಡೀ ಮನೆಯ ಸಾರು-ಪಲ್ಯ. ನುಗ್ಗೆಸೊಪ್ಪು, ದಂಟು, ಹರಿವೆ ವಾರಕ್ಕೆ ನಾಲ್ಕೈದು ಸಲ ಎಲ್ಲರ ತಟ್ಟೆಗೂ ಬರಲಿ, ಮೇಲೊಂದು ಹನಿ ನಿಂಬೆರಸ ಬಿದ್ದರೆ ಕಬ್ಬಿಣದಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ, ಅವನ್ನು ಒಂದು ಗಂಟೆ ಮುಂದೂಡಬಹುದು. ಹಾಲು ಬಿಟ್ಟವಳಿಗೆ ರಾಗಿ ಇದೆ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ಅವಳು ಎಲ್ಲರ ಜೊತೆಯಲ್ಲೇ ಊಟಕ್ಕೆ ಕೂರಲಿ. ಮುಟ್ಟಿನ ದಿನಗಳಲ್ಲಿ ಗಂಡನೋ, ಮಗನೋ, ಅಣ್ಣನೋ ಒಲೆಯ ಮುಂದೆ ನಿಲ್ಲಲಿ. ಅನ್ನ, ತಿಳಿಸಾರು ಮಾಡಲು ಬಾರದವರು ಕಲಿಯಲಿ. ಯಾವ ಪಥ್ಯಕ್ಕೂ ಮುಂಚೆ ಆಗಬೇಕಾದ ಬದಲಾವಣೆ ಇದು. ಇದಕ್ಕೆ ಯಾರ ಚೀಟಿಯೂ ಬೇಕಿಲ್ಲ.

ನಡಿಗೆ, ಹಗುರ ವ್ಯಾಯಾಮ, ಒಳ್ಳೆಯ ನಿದ್ದೆ ನೋವು ತಾಳುವ ಶಕ್ತಿ ಹೆಚ್ಚಿಸುತ್ತವೆ. ಬ್ರೆಜಿಲ್‌ನಲ್ಲಿ 40 ಮಹಿಳೆಯರ ಮೇಲೆ ನಡೆದ ಪುಟ್ಟ ಪ್ರಯೋಗದಲ್ಲಿ, ವಾರಕ್ಕೆ ಎರಡು ಸಲದಂತೆ ಎಂಟು ವಾರ ಹಠಯೋಗ ಮಾಡಿದವರಿಗೆ ದಿನನಿತ್ಯದ ನೋವು ಕಡಿಮೆಯಾಯಿತು. ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವ ಹಳೆಯ ಪದ್ಧತಿ ಈಗಲೂ ಸರಿಯೇ.

ಇವೆಲ್ಲ ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗಲ್ಲ. ಹಾರ್ಮೋನು ಮಾತ್ರೆಗಳು, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನ, ಬೇಕಾದರೆ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಹೀಗೆ ದಾರಿಗಳು ಹಲವಿವೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಮೆಫೆನಾಮಿಕ್ ಆ್ಯಸಿಡ್ ಮಾತ್ರೆ ಅಪರೂಪಕ್ಕೆ ತೀವ್ರ ಅಲರ್ಜಿ ತರಬಹುದೆಂದು ಭಾರತೀಯ ಔಷಧ ಸಂಹಿತಾ ಆಯೋಗ 2023ರಲ್ಲಿ ಎಚ್ಚರಿಸಿದೆ. ಪ್ರತಿ ತಿಂಗಳೂ ಅದನ್ನೇ ನಂಬುವವಳು ವೈದ್ಯರನ್ನು ಕಾಣಲೇಬೇಕು. ಇನ್ನು, "ಗರ್ಭಕೋಶ ತೆಗೆಸಿಬಿಡಿ" ಎಂಬ ಸಲಹೆಗೆ ಅವಸರದಲ್ಲಿ ತಲೆಯಾಡಿಸಬೇಡಿ. ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದ ಯುವತಿಯರ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಬಯಲಿಗೆ ಬಂದದ್ದು ಈ ನಾಡು ಮರೆಯಬಾರದ ಸಂಗತಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿದೆ. ಈ ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಹಾಗಾಗಿ ಗರ್ಭಕೋಶ ತೆಗೆದ ಮೇಲೂ ನೋವು ಉಳಿಯಬಹುದು.

ಶಾಲೆ, ಕಚೇರಿಗಳಲ್ಲೂ ಒಂದು ಕೋರಿಕೆ. ಸರ್ಕಾರಿ, ಖಾಸಗಿ ಎರಡೂ ಕಡೆ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ರಜೆ ಕೇಳಿದವಳ ಕಡೆಗೆ ಯಾರೂ ವಾರೆನೋಟ ಬೀರದಿದ್ದರೆ ಮಾತ್ರ ಅದು ಅವಳಿಗೆ ದಕ್ಕುತ್ತದೆ. ಪ್ರತಿ ತಿಂಗಳೂ ಅದೇ ದಿನಗಳಲ್ಲಿ ತರಗತಿ ತಪ್ಪಿಸುವ ವಿದ್ಯಾರ್ಥಿನಿಯ ಹಾಜರಿಯನ್ನು ಮೇಡಂ ಒಬ್ಬರು ಗಮನಿಸಿ, ಅವಳ ತಾಯಿಯನ್ನು ಕರೆದು ಮಾತಾಡಿದರೆ ಅವಳ ಹಲವು ವರ್ಷ ಉಳಿಯಬಹುದು. ಹಳ್ಳಿಯಲ್ಲಿ ಈ ಮಾತು ಆಶಾ ಕಾರ್ಯಕರ್ತೆಯರಿಂದ ಬಂದರೆ ಮನೆಯವರು ಕೇಳುತ್ತಾರೆ.

ಕೊನೆಗೆ, ಈ ವಾರವೇ ಮಾಡಬಹುದಾದ ಒಂದು ಕೆಲಸ. ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪಿಸುವ ಹೆಣ್ಣುಮಗಳು ಮನೆಯಲ್ಲಿದ್ದರೆ ಅವಳ ಕೈಗೊಂದು ನೋಟ್‌ಬುಕ್ ಕೊಡಿ. ಮುಟ್ಟಾದ ದಿನಾಂಕ, ಎಷ್ಟು ನೋವು, ಎಲ್ಲೆಲ್ಲಿ, ಎಷ್ಟು ಮಾತ್ರೆ, ಏನು ತಿಂದಾಗ ಹೊಟ್ಟೆ ಉಬ್ಬಿತು ಎಂದು ಎರಡು ಮೂರು ತಿಂಗಳು ಬರೆದಿಡಲಿ. ತಡೆಯಲಾಗದಷ್ಟು ನೋವಿದ್ದರೆ ಅಷ್ಟು ದಿನ ಕಾಯುವುದೂ ಬೇಡ. ಆ ನೋಟ್‌ಬುಕ್ ಹಿಡಿದು ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅವರು ಸಿಗುತ್ತಾರೆ, ಜಿಲ್ಲಾಸ್ಪತ್ರೆಯಲ್ಲೂ ಸಿಗುತ್ತಾರೆ. "ಇದು ಎಂಡೊಮೆಟ್ರಿಯೋಸಿಸ್ ಇರಬಹುದೇ?" ಎಂದು ಬಾಯಿಬಿಟ್ಟು ಕೇಳಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು, ರಿಪೋರ್ಟು ನಾರ್ಮಲ್ ಬಂತೆಂದು ಸುಮ್ಮನಾಗಬೇಡಿ. ಅವಳ ಜೊತೆ ಮನೆಯವರೊಬ್ಬರು ಹೋಗಲಿ. ಅವಳು ಬೇಡ ಎನ್ನದಿದ್ದರೆ ಒಳಗೆ ಕೂತು ವೈದ್ಯರು ಹೇಳುವುದನ್ನೆಲ್ಲ ಕೇಳಿಸಿಕೊಳ್ಳಲಿ, ಊಟದ ವಿಷಯದಲ್ಲಿ ಹೇಳಿದ್ದನ್ನು ತಾವೇ ಬರೆದುಕೊಳ್ಳಲಿ.