ಸುಮ್ಮನಿರುವ ಜಿಪಿಎಸ್ ಪೆಟ್ಟಿಗೆಯನ್ನು ಮಾತಾಡಿಸುವುದು ಹೇಗೆ?

'ಜಿಪಿಎಸ್ ಬರ್ತಿಲ್ಲ' ಎಂಬ ಮಾತನ್ನು ತಿಂಗಳಿಗೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಡಾಕ್ಟರ ಹತ್ತಿರ ಹೋಗಿ 'ಮೈಗೆ ಹುಷಾರಿಲ್ಲ' ಎಂದಷ್ಟೇ ಹೇಳಿ ಕುಳಿತ ಹಾಗೆ ಅದು. ತಂತಿ ಕೆಟ್ಟಿರಬಹುದು. ಲಿನಕ್ಸ್ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳದೆ ಇರಬಹುದು. ಬೇರೊಂದು ಪ್ರೋಗ್ರಾಂ ಮಧ್ಯೆ ಬಾಯಿ ಹಾಕಿರಬಹುದು. ರಿಸೀವರ್‌ಗೆ ಆಕಾಶವೇ ಕಾಣದಿರಬಹುದು. ಅಥವಾ ಇದೆಲ್ಲ ಸರಿಯಿದ್ದು, ನಾವು ಬರೆದ ಕೋಡ್ ಅದನ್ನು ಅಡ್ಡಾದಿಡ್ಡಿ ಓದುತ್ತಿರಬಹುದು. ಐದು ಕಾಯಿಲೆಗೂ ಹೊರಗೆ ಕಾಣುವ ಲಕ್ಷಣ ಒಂದೇ: ನಕ್ಷೆಯ ಮೇಲೆ ಚುಕ್ಕೆ ಇಲ್ಲ.

ಹೋದ ತಿಂಗಳು ಪುಣೆಯಲ್ಲಿ ಹೀಗೇ ಒಂದು ಪ್ರಸಂಗ. ಒಂದು ಸ್ವಯಂಸೇವಾ ಸಂಸ್ಥೆಯವರ ಬಳಿ ನಾಲ್ಕು ಆಂಬುಲೆನ್ಸ್ ಇವೆ. ಫೋನ್ ಬಂದಾಗ ಯಾವ ಗಾಡಿ ಹತ್ತಿರ ಇದೆ ಎಂದು ಡ್ರೈವರುಗಳಿಗೆ ಒಬ್ಬೊಬ್ಬರಿಗೇ ಕರೆ ಮಾಡಿ ಕೇಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಹಾಗಾಗಿ ಗಾಡಿಗೊಂದು ಸಣ್ಣ ಲಿನಕ್ಸ್ ಪೆಟ್ಟಿಗೆ, ಅದಕ್ಕೊಂದು ಯುಎಸ್‌ಬಿ ಜಿಪಿಎಸ್ ರಿಸೀವರ್ ಕೂಡಿಸುವ ಕೆಲಸವನ್ನು ಗದಗ ಕಡೆಯ ಒಬ್ಬ ಹುಡುಗ ಒಪ್ಪಿಕೊಂಡಿದ್ದ. ಶನಿವಾರ ಸಂಜೆ ಫೋನ್ ಮಾಡಿದ. 'ಸರ್ರ, ಮುಂಜಾನಿಂದ ಕುಂತೀನ್ರಿ, ಒಂದ್ ಅಕ್ಷರಾನೂ ಬರವಲ್ದು. ಸೋಮವಾರ ಗಾಡಿ ಓಡಬೇಕ್ರಿ.' ಕೋಡನ್ನು ಮೂರು ಸಲ ತಿದ್ದಿ ಬರೆದಿದ್ದನಂತೆ.

ಕೋಡ್ ಮುಚ್ಚಿಡು ಎಂದೆ. ಇಂಥ ಕೆಲಸದಲ್ಲಿ ಕೆಳಗಿನಿಂದ ಮೇಲಕ್ಕೆ ಬರಬೇಕು. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ನೋಡುವುದು ಟ್ಯಾಂಕನ್ನು, ಬಕೆಟನ್ನಲ್ಲ.

ಮೊದಲ ಮೆಟ್ಟಿಲು: ಲಿನಕ್ಸ್‌ಗೆ ರಿಸೀವರ್ ಕಾಣುತ್ತಿದೆಯೇ? 'ಎಲ್‌ಎಸ್‌ಯುಎಸ್‌ಬಿ' ಎಂಬ ಆಜ್ಞೆ ಕೊಟ್ಟರೆ ಚುಚ್ಚಿರುವ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲೇ ಇಲ್ಲದಿದ್ದರೆ ಕೇಬಲ್ ಬದಲಿಸಿ, ಬೇರೆ ಪೋರ್ಟ್ ನೋಡಿ. ಪಟ್ಟಿಯಲ್ಲಿದ್ದರೆ 'ಡಿಮೆಸೇಜ್' ತೆರೆದು ಕರ್ನೆಲ್ ಏನು ಹೇಳಿದೆ ಎಂದು ಓದಿ. ಸೀರಿಯಲ್ ಚಿಪ್ ಇರುವ ರಿಸೀವರ್ ಆದರೆ 'ಟಿಟಿವೈ-ಯುಎಸ್‌ಬಿ-0', ನೇರ ಯುಎಸ್‌ಬಿಯದಾದರೆ 'ಟಿಟಿವೈ-ಎಸಿಎಂ-0' ಎಂಬ ಹೆಸರು ಸಿಕ್ಕಿರುತ್ತದೆ. ಎಷ್ಟೋ ಜನ ಎರಡನೆಯದನ್ನು ಚುಚ್ಚಿ ಮೊದಲನೆಯ ಹೆಸರಿಗಾಗಿ ದಿನವಿಡೀ ಕಾಯುತ್ತಾರೆ.

ನಮ್ಮ ಹುಡುಗನ ಪೆಟ್ಟಿಗೆಯಲ್ಲಿ ಇನ್ನೂ ವಿಚಿತ್ರ. ಹೆಸರು ಸಿಕ್ಕ ಮರುಕ್ಷಣವೇ 'ಸಂಪರ್ಕ ಕಡಿದಿದೆ' ಎಂಬ ಸಾಲು. ಅಲ್ಲಿದ್ದದ್ದು ಉಬುಂಟು 22.04. ಅದರಲ್ಲಿ 'ಬಿಆರ್‌ಎಲ್‌ಟಿಟಿವೈ' ಎಂಬ ಪ್ರೋಗ್ರಾಂ ಮೊದಲೇ ಕೂತಿರುತ್ತದೆ. ಅಂಧರು ಬ್ರೈಲ್ ಪರದೆ ಬಳಸಲು ನೆರವಾಗುವ ಒಳ್ಳೆಯ ಪ್ರೋಗ್ರಾಂ ಅದು. ಆದರೆ ಕೆಲವು ಬ್ರೈಲ್ ಪರದೆಗಳಲ್ಲೂ ಅಗ್ಗದ ಜಿಪಿಎಸ್‌ಗಳಲ್ಲೂ ಇರುವುದು ಒಂದೇ ಸೀರಿಯಲ್ ಚಿಪ್. 'ಇದು ನನ್ನದೇ' ಎಂದು ಅದು ಎತ್ತಿಕೊಂಡುಬಿಡುತ್ತದೆ. ಬ್ರೈಲ್ ಬಳಸುವವರು ಇಲ್ಲದ ಯಂತ್ರದಲ್ಲಿ ಅದನ್ನು ತೆಗೆದರಾಯಿತು. 'ಮೋಡೆಮ್ ಮ್ಯಾನೇಜರ್' ಎಂಬುದಕ್ಕೂ ಇದೇ ಚಾಳಿ. ಹೊಸ ಸೀರಿಯಲ್ ಸಾಧನ ಕಂಡರೆ ಮೋಡೆಮ್ ಇರಬಹುದೇ ಎಂದು ತಟ್ಟಿ ನೋಡುತ್ತದೆ.

ಎರಡನೆಯದು ಅನುಮತಿ. ಡೆಬಿಯನ್, ಉಬುಂಟುಗಳಲ್ಲಿ ಸೀರಿಯಲ್ ಪೋರ್ಟ್ ಓದಲು 'ಡಯಲ್‌ಔಟ್' ಗುಂಪಿನಲ್ಲಿ ನಿಮ್ಮ ಹೆಸರಿರಬೇಕು. ಸೇರಿಸಿಕೊಂಡ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು, ಇಲ್ಲದಿದ್ದರೆ ಸೇರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಸಲ 'ಸುಡೊ' ಹಾಕಿ ಓಡಿಸುವುದು ಮನೆಯ ಬೀಗ ಒಡೆದು ಒಳಗೆ ಹೋದಂತೆ. ಆಂಬುಲೆನ್ಸ್‌ನಲ್ಲಿ ತಾನಾಗಿ ಶುರುವಾಗಬೇಕಾದ ಪ್ರೋಗ್ರಾಂಗೆ ಆ ದಾರಿ ಬೇಡ.

ಮೂರನೆಯದು ವೇಗ. ಜಿಪಿಎಸ್‌ಗಳು ಆಡುವ ಭಾಷೆಗೆ ಎನ್‌ಎಂಇಎ 0183 ಎಂದು ಹೆಸರು. ಹಡಗುಗಳ ಉಪಕರಣಗಳಿಗಾಗಿ ಬಂದದ್ದು, ಮೂಲ ವೇಗ 4800 ಬಾಡ್. ಈಗಿನ ಬಹಳಷ್ಟು ರಿಸೀವರ್‌ಗಳು 9600ರಲ್ಲಿ ಮಾತಾಡುತ್ತವೆ. ವೇಗ ಹೊಂದದಿದ್ದರೆ ಪರದೆ ತುಂಬ ಚಿತ್ರವಿಚಿತ್ರ ಅಕ್ಷರ ಬರುತ್ತವೆ. ಹುಡುಗ ಗಾಬರಿಯಾದ. ನನಗೆ ಸಮಾಧಾನವಾಯಿತು. ಕಸ ಬರುತ್ತಿದೆ ಎಂದರೆ ತಂತಿ, ಅನುಮತಿ ಎರಡೂ ಸರಿಯಿವೆ ಎಂದರ್ಥ. 9600 ಮಾಡಿದೊಡನೆ ಡಾಲರ್ ಚಿಹ್ನೆಯಿಂದ ಶುರುವಾಗುವ ಅಚ್ಚುಕಟ್ಟಾದ ಸಾಲುಗಳು ಬಂದವು.

ಸಾಲು ಬಂದವು, ಆದರೆ ಅಕ್ಷಾಂಶ ರೇಖಾಂಶದ ಜಾಗ ಖಾಲಿ. 'ಆರ್‌ಎಂಸಿ' ಎಂಬ ಸಾಲಿನಲ್ಲಿ 'ವಿ' ಎಂಬ ಅಕ್ಷರ ಇತ್ತು. 'ಎ' ಇದ್ದರೆ ನಂಬಬಹುದು, 'ವಿ' ಇದ್ದರೆ ಇನ್ನೂ ಜಾಗ ಸಿಕ್ಕಿಲ್ಲ. ಎಲ್ಲಿ ಕೂತಿದ್ದೀಯಪ್ಪ ಎಂದು ಕೇಳಿದೆ. ಎರಡನೇ ಮಹಡಿ, ಒಳಗಿನ ಕೋಣೆ! ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ನಮ್ಮ ರಿಸೀವರ್ ಅವುಗಳೊಂದಿಗೆ ಮಾತಾಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಆ ಸದ್ದೂ ಅತಿ ಕ್ಷೀಣ, ಕಾಂಕ್ರೀಟ್ ದಾಟಿ ಬರಲಾರದು. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಹೊಸ ರಿಸೀವರ್‌ಗೆ ತೆರೆದ ಆಕಾಶದ ಕೆಳಗೆ ಸ್ವಲ್ಪ ಹೊತ್ತು ಕೊಡಲೇಬೇಕು. ಹುಡುಗ ಲ್ಯಾಪ್‌ಟಾಪ್ ಹೊತ್ತುಕೊಂಡು ತಾರಸಿಗೆ ಹೋದ. ಕೆಲವೇ ನಿಮಿಷಕ್ಕೆ 'ವಿ' ಹೋಗಿ 'ಎ' ಬಂತು.

ಆಗ ಕೋಡ್ ತೆರೆಯಲು ಹೇಳಿದೆ. ಎರಡು ತೊಂದರೆ ಕಂಡವು. ಒಂದು, ಅದು 'ಜಿಪಿ' ಎಂದು ಶುರುವಾಗುವ ಸಾಲನ್ನಷ್ಟೇ ಹುಡುಕುತ್ತಿತ್ತು. ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹ ಬಳಸುವ ರಿಸೀವರ್‌ಗಳು 'ಜಿಎನ್' ಎಂದು ಶುರುಮಾಡುತ್ತವೆ. ನಮ್ಮದೇ ನಾವಿಕ್ ಉಪಗ್ರಹಗಳಿಗೆ 'ಜಿಐ' ಎಂಬ ಗುರುತು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ನೇವಿಗೇಷನ್ ಕೇಂದ್ರ ಇದೆ. ಊರು ಬಿಟ್ಟು ಬಂದ ನಮಗೆ ದಾರಿ ತೋರಿಸುವ ವ್ಯವಸ್ಥೆಗೆ ಊರಿನ ಹತ್ತಿರವೇ ಒಂದು ನೆಲೆ ಇದೆ ಎಂಬುದು ಸಣ್ಣ ಖುಷಿ.

ಇನ್ನೊಂದು ತೊಂದರೆ ಅಪಾಯದ್ದು. ಎನ್‌ಎಂಇಎ ಸಾಲಿನಲ್ಲಿ 1831.2 ಎಂದಿದ್ದರೆ ಅದು 18 ಡಿಗ್ರಿ 31.2 ಮಿನಿಟ್. ಮಿನಿಟನ್ನು 60ರಿಂದ ಭಾಗಿಸಿದರೆ 18.52 ಡಿಗ್ರಿ, ಅಂದರೆ ಪುಣೆ. ಕೋಡ್ ಇಡೀ ಸಂಖ್ಯೆಯನ್ನು 100ರಿಂದ ಭಾಗಿಸಿ 18.312 ಮಾಡಿತ್ತು. ರೇಖಾಂಶದ್ದೂ ಅದೇ ಕಥೆ. ಪೇಟೆಯಲ್ಲಿ ನಿಂತ ಗಾಡಿ ನಕ್ಷೆಯಲ್ಲಿ ಸುಮಾರು 40 ಕಿಲೋಮೀಟರ್ ಆಚೆ, ಸಹ್ಯಾದ್ರಿಯ ಬೆಟ್ಟದ ನಡುವೆ! ಇಷ್ಟು ದೂರ ಹೋದದ್ದರಿಂದ ಕಣ್ಣಿಗೆ ಬಿತ್ತು. ಎರಡು ಕಿಲೋಮೀಟರ್ ಹೋಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ, ತಪ್ಪು ಗಾಡಿ ಹೊರಡುತ್ತಿತ್ತು.

ಈ ತರ್ಜುಮೆಯನ್ನೆಲ್ಲ ಕೈಯಾರೆ ಮಾಡುವ ಬದಲು 'ಜಿಪಿಎಸ್‌ಡಿ' ಬಳಸು ಎಂದೆ. ಅದೊಂದೇ ಪೋರ್ಟನ್ನು ಓದಿ, 2947ನೇ ಪೋರ್ಟ್ ಸಂಖ್ಯೆಯ ಮೂಲಕ ಕೇಳಿದವರಿಗೆಲ್ಲ ಸಿದ್ಧ ಡಿಗ್ರಿಗಳಲ್ಲಿ ಹಂಚುತ್ತದೆ. 'ಸಿಜಿಪಿಎಸ್' ಆಜ್ಞೆಯಲ್ಲಿ ಉಪಗ್ರಹಗಳೆಲ್ಲ ಕಾಣುತ್ತವೆ. ಒಂದು ಎಚ್ಚರಿಕೆ: ಅದು ಓಡುತ್ತಿರುವಾಗ ನಿಮ್ಮ ಕೋಡ್ ಕೂಡ ಅದೇ ಸಾಧನವನ್ನು ನೇರ ತೆರೆದರೆ ಸಾಲುಗಳು ಇಬ್ಬರ ನಡುವೆ ಹರಿದು ಹಂಚಿಹೋಗುತ್ತವೆ. ಇನ್ನೊಂದು: ಹೊಸ ಆವೃತ್ತಿ ಇಟ್ಟುಕೊಳ್ಳಿ. 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿ ವಾರದ ಲೆಕ್ಕದ ದೋಷವಿತ್ತು. 2021ರ ಅಕ್ಟೋಬರ್ 24ರಂದು ಅವು ತಾರೀಖನ್ನು 1024 ವಾರ ಹಿಂದಕ್ಕೆ, 2002ರ ಮಾರ್ಚ್‌ಗೆ ಒಯ್ಯುವಂತಿದ್ದವು.

ಭಾನುವಾರ ಮಧ್ಯಾಹ್ನ ಗಾಡಿ ಓಡಿಸಿ ನೋಡಿದರು. ಚುಕ್ಕೆ ಸರಿಯಾಗಿ ಓಡಿತು. ನಂತರ ಗಾಡಿಯನ್ನು ಒಂದು ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಸಲು ಹೇಳಿದೆ. ಹತ್ತು ನಿಮಿಷ ಕಳೆದರೂ ನಕ್ಷೆಯ ಮೇಲೆ ಹಸಿರು ಚುಕ್ಕೆ ಗೇಟಿನಲ್ಲೇ ನಿಂತಿತ್ತು. ಕೊನೆಗೆ ಸಿಕ್ಕ ಜಾಗವನ್ನೇ ಪ್ರೋಗ್ರಾಂ ಮತ್ತೆ ಮತ್ತೆ ಹೇಳುತ್ತಿತ್ತು. ಗಾಡಿ ಬೇರೆ ಬಾಗಿಲಿನಿಂದ ಹೊರಗೆ ಹೋಗಿದ್ದರೂ, ರಿಸೀವರಿನ ತಂತಿಯೇ ಕಿತ್ತು ಬಂದಿದ್ದರೂ, ಚುಕ್ಕೆ ಹಸಿರಾಗೇ ಇರುತ್ತಿತ್ತು.

ಸಂಸ್ಥೆಯ ಮೇಲ್ವಿಚಾರಕರಿಗೆ ಅದೇ ಇಷ್ಟವಾಗಿತ್ತು. 'ಚುಕ್ಕೆ ಮಾಯವಾದರೆ ಫೋನ್ ಹತ್ತಿರ ಕೂತವರು ಗಾಬರಿಯಾಗ್ತಾರೆ, ಹೀಗೇ ಇರಲಿ' ಎಂದರು. ಹುಡುಗ ಇನ್ನೇನು ಒಪ್ಪುವವನಿದ್ದ, ನಾನು ಬೇಡ ಎಂದೆ. ಅರ್ಧ ಗಂಟೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಜಿಪಿಎಸ್‌ಡಿ ಪ್ರತಿ ವರದಿಯ ಜೊತೆ 'ಮೋಡ್' ಎಂಬ ಅಂಕಿ ಕೊಡುತ್ತದೆ: 1 ಎಂದರೆ ಜಾಗ ಸಿಕ್ಕಿಲ್ಲ, 2 ಎಂದರೆ ಎತ್ತರ ಬಿಟ್ಟು ಉಳಿದದ್ದು ಸಿಕ್ಕಿದೆ, 3 ಎಂದರೆ ಎತ್ತರವೂ ಸೇರಿ ಸಿಕ್ಕಿದೆ. ಮೋಡ್ 2ಕ್ಕಿಂತ ಕೆಳಗಿಳಿದರೆ, ಅಥವಾ ವರದಿ ಬಂದು 30 ಸೆಕೆಂಡ್ ಆಗಿದ್ದರೆ, ಚುಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ 'ಇದು 4 ನಿಮಿಷ ಹಿಂದಿನದು' ಎಂದು ಬರುತ್ತದೆ, ಕೆಳಗೆ ಡ್ರೈವರ್‌ನ ಫೋನ್ ನಂಬರ್. ಬೂದು ಗಾಡಿಯನ್ನು ಪ್ರೋಗ್ರಾಂ ತಾನಾಗಿ ಆರಿಸುವುದಿಲ್ಲ, ಮನುಷ್ಯರು ಕರೆ ಮಾಡಿ ಕೇಳುತ್ತಾರೆ.

ಓದುಗರಲ್ಲಿ ಇಂಥ ಕೆಲಸ ಮಾಡುವವರು ಬಹಳ ಇದ್ದೀರಿ. ಶಾಲೆಯ ಬಸ್ಸು, ಹಾಲಿನ ಟ್ಯಾಂಕರ್, ಕಂಪನಿಯ ಕ್ಯಾಬ್, ಯಾವುದಾದರೂ ಆಗಲಿ. ಸಂಪರ್ಕ ಬಂದ ದಿನ ಕೆಲಸ ಮುಗಿಯಿತೆಂದು ಎದ್ದುಬಿಡಬೇಡಿ. ಆಂಟೆನಾದ ಮೇಲೊಂದು ಸ್ಟೀಲ್ ಡಬ್ಬಿ ಮುಚ್ಚಿ, ತಂತಿ ಎಳೆದು ನೋಡಿ. ಆಗ ನಿಮ್ಮ ಪ್ರೋಗ್ರಾಂ 'ಗೊತ್ತಿಲ್ಲ' ಎಂದು ಹೇಳಿದರೆ ಮಾತ್ರ, ಅದು 'ಇಲ್ಲಿದೆ' ಎಂದಾಗ ನಂಬಬಹುದು.